ಕೆಲಸ ಬಿಟ್ಟವರ ಇಮೇಲ್ ಬಂದ್ ಮಾಡಿದರೆ ಎಲ್ಲ ಬಾಗಿಲೂ ಮುಚ್ಚಿದಂತೆಯೇ?

“ಯಾರಾದರೂ ಕೆಲಸ ಬಿಟ್ಟ ದಿನವೇ ಅವರ ಇಮೇಲ್ ಬಂದ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಆಮೇಲೆ ನಿಮ್ಮ ಆಫೀಸಿನ ಮಾಹಿತಿಯನ್ನು ಅವರು ಮುಟ್ಟಲೂ ಸಾಧ್ಯವಿಲ್ಲ.”

ಸಣ್ಣ ಉದ್ಯಮ ನಡೆಸುವವರ, ಶಾಲಾ ಆಡಳಿತ ಮಂಡಳಿಗಳ, ಸಂಘ-ಸಂಸ್ಥೆಗಳ ವಾಟ್ಸಾಪ್ ಗುಂಪುಗಳಲ್ಲಿ ಈ ಬಗೆಯ ಸಲಹೆಗಳು ಆಗಾಗ ಸುತ್ತುತ್ತಿರುತ್ತವೆ. ಇದರ ಮೊದಲ ವಾಕ್ಯ ಒಳ್ಳೆಯ ಸಲಹೆಯೇ. ಎರಡನೇ ವಾಕ್ಯ ಮಾತ್ರ ನಿಜವಲ್ಲ.

ಇದು ನನಗೆ ಗೊತ್ತಾದದ್ದು ನನ್ನದೇ ಮೊಬೈಲಿನಿಂದ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಆರೋಗ್ಯ ಸಮೀಕ್ಷೆಯಲ್ಲಿ ಕೆಲಸ ಮಾಡಿದ್ದೆ. ಯೋಜನೆ ಮುಗಿಯಿತು, ಕೆಲಸ ಬಿಟ್ಟೆ, ಅದೇ ವಾರ ನನ್ನ ಆಫೀಸ್ ಇಮೇಲ್ ಬಂದ್ ಆಯಿತು. ಎಲ್ಲವೂ ಕ್ರಮವಾಗಿಯೇ ನಡೆದಿತ್ತು. ಒಂದು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ನನ್ನ ಸ್ವಂತ ಇಮೇಲಿಗೆ “ಹೊಸ ಫೈಲ್ ಸೇರಿಸಲಾಗಿದೆ” ಎಂಬ ಸೂಚನೆ ಬಂತು. ಒತ್ತಿದೆ. ತೆರೆಯಿತು. ನಾನು ಎಂದೂ ಭೇಟಿಯಾಗದ ಹೆಣ್ಣುಮಕ್ಕಳ ಹೆಸರು, ಊರು, ಫೋನ್ ನಂಬರ್, ಗರ್ಭಪಾತದ ವಿವರ, ಮನೆಯಲ್ಲಿ ಹೊಡೆತ ತಿನ್ನುತ್ತೀರಾ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ, ಎಲ್ಲವೂ ಅಲ್ಲಿತ್ತು.

“ನಿಮ್ಮ ಉತ್ತರವನ್ನು ಯೋಜನೆಯವರ ಹೊರತು ಬೇರೆ ಯಾರೂ ನೋಡುವುದಿಲ್ಲ” ಎಂದು ಹೇಳಿಯೇ ಆ ಪ್ರಶ್ನೆಗಳನ್ನು ಕೇಳುವುದು. ನಾನೂ ನೂರಾರು ಮನೆಗಳಲ್ಲಿ ಆ ಮಾತು ಹೇಳಿದ್ದೆ.

ಇಮೇಲ್ ಬಂದ್ ಆಗಿದ್ದರೂ ಈ ಬಾಗಿಲು ತೆರೆದೇ ಇದ್ದದ್ದು ಹೇಗೆ? ಇದು ಅರ್ಥವಾಗಲು ಕ್ಲೌಡ್ ಡೈರೆಕ್ಟರಿ ಎಂಬುದನ್ನು ತಿಳಿದುಕೊಳ್ಳಬೇಕು.

ಡೈರೆಕ್ಟರಿ ಎಂದರೇನು?

ಹಿಂದೆ ಮನೆಗಳಲ್ಲಿ ದಪ್ಪನೆಯ ಟೆಲಿಫೋನ್ ಡೈರೆಕ್ಟರಿ ಇರುತ್ತಿತ್ತು. ಯಾರು, ಎಲ್ಲಿ, ಯಾವ ನಂಬರ್ ಎಂಬ ಪಟ್ಟಿ. ಆಫೀಸಿನ ಕಂಪ್ಯೂಟರ್ ವ್ಯವಸ್ಥೆಯ ಡೈರೆಕ್ಟರಿಯೂ ಮೂಲತಃ ಹಾಗೆಯೇ ಒಂದು ಪಟ್ಟಿ. ಅದರಲ್ಲಿ ಪ್ರತಿಯೊಬ್ಬ ಬಳಕೆದಾರರ ಹೆಸರು, ಇಮೇಲ್, ವಿಭಾಗ, ಹುದ್ದೆ ಇರುತ್ತವೆ. ಜೊತೆಗೆ ಅವರು ಯಾವ ಯಾವ ಗುಂಪಿನ ಸದಸ್ಯರು ಎಂಬುದೂ ಇರುತ್ತದೆ.

ಮೈಕ್ರೋಸಾಫ್ಟ್ ಕಂಪನಿ ಇದನ್ನು ಆಕ್ಟಿವ್ ಡೈರೆಕ್ಟರಿ ಎಂಬ ಹೆಸರಿನಲ್ಲಿ ವಿಂಡೋಸ್ 2000ದ ಜೊತೆ ಕೊಟ್ಟಿತು. ಆಗ ಅದು ಆಫೀಸಿನ ಒಳಗೇ ಒಂದು ಸರ್ವರ್‌ನಲ್ಲಿ ಇರುತ್ತಿತ್ತು. ಈಗ ಇಂತಹ ಪಟ್ಟಿ ಕ್ಲೌಡ್‌ನಲ್ಲಿದೆ, ಅಂದರೆ ಇಂಟರ್ನೆಟ್ ಮೂಲಕ ಎಲ್ಲಿಂದ ಬೇಕಾದರೂ ತಲುಪಬಹುದಾದ ಸರ್ವರ್‌ಗಳಲ್ಲಿದೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಡೈರೆಕ್ಟರಿಗೆ ಆಜೂರ್ ಆಕ್ಟಿವ್ ಡೈರೆಕ್ಟರಿ ಎಂದು ಹೆಸರಿತ್ತು. 2023ರಲ್ಲಿ ಅದನ್ನು ಎಂಟ್ರಾ ಐಡಿ ಎಂದು ಬದಲಿಸಿದರು. ಗೂಗಲ್ ವರ್ಕ್‌ಸ್ಪೇಸ್ ಬಳಸುವ ಕಚೇರಿ, ಕಾಲೇಜುಗಳಲ್ಲೂ ಇಂತಹದೇ ಡೈರೆಕ್ಟರಿ ಇದೆ. ನಿಮ್ಮ ಮಗಳಿಗೆ ಕಾಲೇಜಿನವರು ಕೊಟ್ಟ ಇಮೇಲ್ ವಿಳಾಸ ಇಂತಹ ಒಂದು ಪಟ್ಟಿಯಲ್ಲಿರುವ ಒಂದು ಸಾಲು, ಅಷ್ಟೇ.

ಈ ಡೈರೆಕ್ಟರಿ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಮೊದಲನೆಯದು: ನೀನು ಯಾರು? ಎರಡನೆಯದು: ನಿನಗೆ ಏನೇನು ತೆರೆಯಬೇಕು? ಪಾಸ್‌ವರ್ಡ್, ಓಟಿಪಿ, ಬೆರಳಚ್ಚು ಎಲ್ಲವೂ ಮೊದಲನೇ ಪ್ರಶ್ನೆಗೆ ಸಂಬಂಧಿಸಿದವು. ಫಾರ್ವರ್ಡ್‌ಗಳು ಮಾತನಾಡುವುದೂ ಹೆಚ್ಚಾಗಿ ಅದರ ಬಗ್ಗೆಯೇ. ಆದರೆ ಎರಡನೇ ಪ್ರಶ್ನೆಯ ಉತ್ತರ ಇರುವುದು ಗುಂಪುಗಳಲ್ಲಿ.

ಗುಂಪು ಯಾಕೆ ಬೇಕು?

ಒಂದು ಸಂಸ್ಥೆಯಲ್ಲಿ 200 ಜನ, 40 ಆ್ಯಪ್ ಮತ್ತು ಫೋಲ್ಡರ್‌ಗಳು ಇವೆ ಎಂದುಕೊಳ್ಳಿ. ಯಾರಿಗೆ ಯಾವುದು ತೆರೆಯಬೇಕು ಎಂದು ಒಬ್ಬೊಬ್ಬರಿಗೇ ನಿರ್ಧರಿಸಿದರೆ 8,000 ನಿರ್ಧಾರಗಳು. ಯಾರಿಂದಲೂ ಆಗದ ಕೆಲಸ. ಅದಕ್ಕೆ “ಲೆಕ್ಕಪತ್ರ ವಿಭಾಗ”, “ಪ್ರಾಂಶುಪಾಲರ ಕಚೇರಿ”, “ಸಮೀಕ್ಷಾ ತಂಡ” ಎಂದು ಗುಂಪು ಮಾಡುತ್ತಾರೆ. ಫೋಲ್ಡರನ್ನು ಗುಂಪಿಗೆ ತೆರೆದಿಡುತ್ತಾರೆ. ಹೊಸಬರು ಬಂದರೆ ಗುಂಪಿಗೆ ಸೇರಿಸಿದರೆ ಸಾಕು, ಬೇಕಾದದ್ದೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತದೆ.

ರೇಷನ್ ಕಾರ್ಡನ್ನು ನೆನಪಿಸಿಕೊಳ್ಳಿ. ಅಂಗಡಿಯವರು ನಿಮ್ಮ ಮನೆಯ ಕಷ್ಟಸುಖ ವಿಚಾರಿಸಿ ಅಕ್ಕಿ ಕೊಡುವುದಿಲ್ಲ. ಕಾರ್ಡು ಯಾವ ವರ್ಗದ್ದು, ಅದರಲ್ಲಿ ಎಷ್ಟು ಹೆಸರಿದೆ ಎಂದು ನೋಡುತ್ತಾರೆ. ಮಗು ಹುಟ್ಟಿದರೆ ಹೆಸರು ಸೇರಿಸಲು ನಾವೇ ಓಡಾಡುತ್ತೇವೆ. ಅಜ್ಜ ತೀರಿಕೊಂಡರೆ ಹೆಸರು ತೆಗೆಸಲು ಅಷ್ಟೇ ಅವಸರ ಇರುತ್ತದೆಯೇ?

ಡೈರೆಕ್ಟರಿಯ ಸಮಸ್ಯೆಯೂ ಇದೇ. ಸೇರಬೇಕಾದವರು ಬಂದು ಕೇಳುತ್ತಾರೆ, “ಸರ್, ಫೋಲ್ಡರ್ ತೆರೆಯುತ್ತಿಲ್ಲ” ಎಂದು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾರೆ. ಹೋದವರು ಯಾರೂ “ನನ್ನ ಹೆಸರು ಇನ್ನೂ ಇದೆ, ತೆಗೆಯಿರಿ” ಎಂದು ಫೋನ್ ಮಾಡುವುದಿಲ್ಲ. ಹೆಸರು ಉಳಿದಿರುವುದು ಅವರಿಗೇ ಗೊತ್ತಿರುವುದಿಲ್ಲ.

ಕೆಲಸ ಬಿಟ್ಟವರ ವಿಷಯ ಮಾತ್ರ ಅಲ್ಲ, ವಿಭಾಗ ಬದಲಾದವರದ್ದೂ ಇದೇ ಕತೆ. ಲೆಕ್ಕಪತ್ರದಿಂದ ಸಿಬ್ಬಂದಿ ವಿಭಾಗಕ್ಕೆ ಹೋದವರನ್ನು ಹೊಸ ಗುಂಪಿಗೆ ಸೇರಿಸುತ್ತಾರೆ, ಹಳೆಯದರಿಂದ ತೆಗೆಯುವುದನ್ನು ಮರೆಯುತ್ತಾರೆ. ಹತ್ತು ವರ್ಷ ಒಂದೇ ಸಂಸ್ಥೆಯಲ್ಲಿದ್ದು ನಾಲ್ಕು ವಿಭಾಗ ಸುತ್ತಿದ ಗುಮಾಸ್ತರಿಗೆ ಕೆಲವೊಮ್ಮೆ ನಿರ್ದೇಶಕರಿಗಿಂತ ಹೆಚ್ಚು ಬಾಗಿಲುಗಳು ತೆರೆದಿರುತ್ತವೆ. ಅವರು ಕೆಟ್ಟವರೆಂದಲ್ಲ. ಆದರೆ ಅವರ ಪಾಸ್‌ವರ್ಡ್ ಯಾರಾದರೂ ಕದ್ದರೆ ಕಳ್ಳನಿಗೆ ನಾಲ್ಕೂ ವಿಭಾಗ ಸಿಗುತ್ತದೆ.

ನಂಬಿಕೆ 1: ಇಮೇಲ್ ಬಂದ್ ಆದರೆ ಎಲ್ಲವೂ ಬಂದ್

ಅರ್ಧ ನಿಜ. ಡೈರೆಕ್ಟರಿಯಲ್ಲಿ ಖಾತೆಯನ್ನು ತಡೆಹಿಡಿದರೆ ಆ ಖಾತೆಯಿಂದ ಹೊಸದಾಗಿ ಒಳಗೆ ಬರಲು ಆಗುವುದಿಲ್ಲ. ಆದರೆ ಒಬ್ಬ ಮನುಷ್ಯ ಪಟ್ಟಿಯಲ್ಲಿ ಒಂದೇ ಹೆಸರಿನಿಂದ ಇರಬೇಕೆಂದಿಲ್ಲ.

ನನ್ನ ವಿಷಯದಲ್ಲಿ ಆದದ್ದು ಇದೇ. ಕೆಲಸಕ್ಕೆ ಸೇರಿದ ಮೊದಲ ವಾರ ಆಫೀಸ್ ಇಮೇಲ್ ಸಿದ್ಧವಾಗಿರಲಿಲ್ಲ. ಸಮೀಕ್ಷೆಗೆ ತಡವಾಗುತ್ತದೆಂದು ನನ್ನ ಸ್ವಂತ ಇಮೇಲನ್ನೇ ತಂಡದ ಗುಂಪಿಗೆ ಸೇರಿಸಿದರು. ಆಮೇಲೆ ಆಫೀಸ್ ಇಮೇಲ್ ಬಂತು, ಅದನ್ನೂ ಸೇರಿಸಿದರು. ಕೆಲಸ ಬಿಟ್ಟಾಗ ಎರಡನೆಯದನ್ನು ಮುಚ್ಚಿದರು. ಮೊದಲನೆಯದು ಯಾರಿಗೂ ನೆನಪಾಗಲಿಲ್ಲ, ನನಗೂ.

ಹೀಗೆ ಹೊರಗಿನ ವಿಳಾಸದಿಂದ ಸೇರಿದವರನ್ನು ಡೈರೆಕ್ಟರಿಗಳು ಅತಿಥಿ ಅಥವಾ ಹೊರಗಿನ ಸದಸ್ಯ ಎಂದು ಗುರುತಿಸುತ್ತವೆ. ಆಡಿಟರ್, ವೆಬ್‌ಸೈಟ್ ಮಾಡಿಕೊಟ್ಟವರು, ಮೂರು ತಿಂಗಳ ಇಂಟರ್ನ್ ಎಲ್ಲರೂ ಹೀಗೇ ಬರುತ್ತಾರೆ. ಸಂಬಳದ ಪಟ್ಟಿಯಲ್ಲಿ ಇವರ ಹೆಸರು ಇರುವುದಿಲ್ಲ. ಆದ್ದರಿಂದ ಇವರು ಹೋದದ್ದು ಎಲ್ಲೂ ದಾಖಲಾಗುವುದಿಲ್ಲ.

ನಂಬಿಕೆ 2: ಗುಂಪಿನಿಂದ ತೆಗೆದ ಕ್ಷಣವೇ ಹೊರಗೆ

ಯಾವಾಗಲೂ ಅಲ್ಲ. ಸಿನಿಮಾ ಥಿಯೇಟರಿನಲ್ಲಿ ಟಿಕೆಟ್ ನೋಡುವುದು ಬಾಗಿಲಲ್ಲಿ ಒಮ್ಮೆ. ಒಳಗೆ ಕುಳಿತ ಮೇಲೆ ಪ್ರತಿ ಹತ್ತು ನಿಮಿಷಕ್ಕೆ ಯಾರೂ ಬಂದು ಕೇಳುವುದಿಲ್ಲ. ಕ್ಲೌಡ್‌ನಲ್ಲೂ ಹಾಗೆಯೇ. ನೀವು ಲಾಗಿನ್ ಆದಾಗ ಡೈರೆಕ್ಟರಿ ನಿಮಗೆ ಟೋಕನ್ ಎಂಬ ತಾತ್ಕಾಲಿಕ ಚೀಟಿ ಕೊಡುತ್ತದೆ. ಆ್ಯಪ್ ಆ ಚೀಟಿಯನ್ನು ನಂಬುತ್ತದೆ. ಮೈಕ್ರೋಸಾಫ್ಟ್‌ನ ಎಂಟ್ರಾದಲ್ಲಿ ಈ ಚೀಟಿ ಸಾಮಾನ್ಯವಾಗಿ 60ರಿಂದ 90 ನಿಮಿಷ ನಡೆಯುತ್ತದೆ. ಪಟ್ಟಿಯಿಂದ ಹೆಸರು ತೆಗೆದರೂ ಹಳೆಯ ಚೀಟಿಯ ಅವಧಿ ಮುಗಿಯುವ ತನಕ ಕೆಲವು ಆ್ಯಪ್‌ಗಳು ತೆರೆದೇ ಇರಬಹುದು. ಅದಕ್ಕಾಗಿಯೇ ಹೆಸರು ತೆಗೆಯುವುದರ ಜೊತೆಗೆ “ಎಲ್ಲ ಸೆಷನ್ ರದ್ದು ಮಾಡು” ಎಂಬ ಬೇರೆಯೇ ಗುಂಡಿ ಇರುತ್ತದೆ. ಕೆಲವು ಆ್ಯಪ್‌ಗಳು ಈಗ ಬದಲಾವಣೆಯನ್ನು ಕೂಡಲೇ ತಿಳಿದುಕೊಳ್ಳುವ ಹಾಗೆ ಸುಧಾರಿಸಿವೆ, ಎಲ್ಲವೂ ಅಲ್ಲ.

ಮತ್ತೊಂದು ಮಾತು. ಆಗಲೇ ಡೌನ್‌ಲೋಡ್ ಆದದ್ದು ವಾಪಸ್ ಬರುವುದಿಲ್ಲ. ವಾಟ್ಸಾಪ್ ಗುಂಪಿನಿಂದ ಒಬ್ಬರನ್ನು ತೆಗೆದರೆ ಹೊಸ ಸಂದೇಶ ಅವರಿಗೆ ಹೋಗುವುದಿಲ್ಲ, ಆದರೆ ಹಳೆಯ ಫೋಟೋ, ಸಂದೇಶಗಳು ಅವರ ಫೋನಿನಲ್ಲಿ ಇದ್ದೇ ಇರುತ್ತವೆ. ಆಹ್ವಾನದ ಲಿಂಕ್ ಹಂಚಿದ್ದರೆ ಅದೂ ನೀವು ಹೊಸದಾಗಿ ಬದಲಿಸುವ ತನಕ ಜೀವಂತ.

ನಂಬಿಕೆ 3: ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಕಡೆ ಲಾಗೌಟ್

ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಬಹುತೇಕ ಕಡೆ ಲಾಗೌಟ್ ಆಗುತ್ತದೆ. ಆದರೆ ನಿಮ್ಮ ಗುರುತು ದೃಢಪಡಿಸಲು ಬಳಸುವ ಫೋನು, ನೀವು ಅನುಮತಿ ಕೊಟ್ಟ ಬೇರೆ ಕಂಪನಿಗಳ ಆ್ಯಪ್ ಇರುವ ಕೆಲವು ಸಾಧನಗಳು ಇದಕ್ಕೆ ಹೊರತು ಎಂದು ಗೂಗಲ್ ತಾನೇ ಹೇಳುತ್ತದೆ.

ಇನ್ನೂ ದೊಡ್ಡ ವಿಷಯ: ಪಾಸ್‌ವರ್ಡ್‌ಗೂ ಗುಂಪಿನ ಸದಸ್ಯತ್ವಕ್ಕೂ ಸಂಬಂಧವೇ ಇಲ್ಲ. ನನ್ನ ಸ್ವಂತ ಇಮೇಲಿನ ಪಾಸ್‌ವರ್ಡನ್ನು ಆ ಸಂಸ್ಥೆ ಹೇಗೆ ಬದಲಿಸೀತು? ಬದಲಿಸಬೇಕಾದದ್ದು ಪಟ್ಟಿಯನ್ನು.

ನಂಬಿಕೆ 4: ಒಂದು ಗುಂಪಿನಿಂದ ತೆಗೆದರೆ ಸಾಕು

ಗುಂಪಿನೊಳಗೆ ಗುಂಪು ಇರಬಹುದು. “ಮೈಸೂರು ಶಾಖೆ” ಎಂಬ ಗುಂಪನ್ನು “ಎಲ್ಲ ಸಿಬ್ಬಂದಿ” ಎಂಬ ಗುಂಪಿನೊಳಗೆ ಸೇರಿಸಿರುತ್ತಾರೆ. ನೇರ ಪಟ್ಟಿಯಲ್ಲಿ ನಿಮ್ಮ ಹೆಸರು ಕಾಣದಿದ್ದರೂ ಒಳಗಿನ ಗುಂಪಿನ ಮೂಲಕ ನೀವು ಸದಸ್ಯರೇ. ಒಂದೇ ಫೋಲ್ಡರಿಗೆ ಎರಡು ಮೂರು ದಾರಿ ಇರುವುದೂ ಸಾಮಾನ್ಯ. ಒಂದು ದಾರಿ ಮುಚ್ಚಿದರೆ ಇನ್ನೊಂದು ಉಳಿದಿರುತ್ತದೆ. ಅದರ ಮೇಲೆ “ಲಿಂಕ್ ಇರುವ ಯಾರಾದರೂ ನೋಡಬಹುದು” ಎಂದು ಹಂಚಿದ್ದರಂತೂ ಗುಂಪಿನ ಲೆಕ್ಕವೇ ಬರುವುದಿಲ್ಲ.

ಇದಕ್ಕೆ ಒಂದು ಪರಿಹಾರ ನಿಯಮ ಆಧಾರಿತ ಗುಂಪು. “ವಿಭಾಗ: ಲೆಕ್ಕಪತ್ರ” ಎಂದು ಯಾರ ವಿವರದಲ್ಲಿದೆಯೋ ಅವರೆಲ್ಲ ತಾವಾಗಿ ಸೇರುತ್ತಾರೆ, ವಿಭಾಗ ಬದಲಾದರೆ ತಾವಾಗಿ ಹೊರಬೀಳುತ್ತಾರೆ. ಒಳ್ಳೆಯ ವ್ಯವಸ್ಥೆ. ಆದರೆ ಸಿಬ್ಬಂದಿ ವಿಭಾಗದವರು ಆ ವಿವರವನ್ನು ಸರಿಯಾಗಿ ಬದಲಿಸಿದರೆ ಮಾತ್ರ.

ದೊಡ್ಡ ಕಂಪನಿಗಳಲ್ಲಿ ಹೀಗಾಗುವುದಿಲ್ಲವೇ?

ಆಗಿದೆ.

2018ರ ಏಪ್ರಿಲ್‌ನಲ್ಲಿ ಸಿಸ್ಕೋ ಕಂಪನಿಗೆ ಒಬ್ಬ ಇಂಜಿನಿಯರ್ ರಾಜೀನಾಮೆ ಕೊಟ್ಟರು. ಸುಮಾರು ಐದು ತಿಂಗಳ ನಂತರ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಅನುಮತಿ ಇಲ್ಲದೆ ಕಂಪನಿಯ ಕ್ಲೌಡ್ ವ್ಯವಸ್ಥೆಯೊಳಗೆ ಹೋಗಿ 456 ವರ್ಚುವಲ್ ಯಂತ್ರಗಳನ್ನು ಅಳಿಸಿಹಾಕಿದರು. ವೆಬೆಕ್ಸ್ ಟೀಮ್ಸ್ ಎಂಬ ಮೀಟಿಂಗ್ ಸೇವೆಯ 16,000ಕ್ಕೂ ಹೆಚ್ಚು ಖಾತೆಗಳು ಎರಡು ವಾರದವರೆಗೆ ಸ್ಥಗಿತಗೊಂಡವು. ಸರಿಪಡಿಸಲು ಸುಮಾರು 14 ಲಕ್ಷ ಡಾಲರ್, ಗ್ರಾಹಕರಿಗೆ ಮರಳಿಸಲು 10 ಲಕ್ಷಕ್ಕೂ ಹೆಚ್ಚು ಡಾಲರ್ ಖರ್ಚಾಯಿತು. ಆ ವ್ಯಕ್ತಿಗೆ 2020ರಲ್ಲಿ ಎರಡು ವರ್ಷ ಜೈಲು ಶಿಕ್ಷೆಯಾಯಿತು.

2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಹಲವು ದಿನ ನಿಂತುಹೋಯಿತು. ಬಂಕ್‌ಗಳ ಮುಂದೆ ಉದ್ದದ ಸಾಲುಗಳು. ಹ್ಯಾಕರ್‌ಗಳಿಗೆ ಕಂಪನಿ ಸುಮಾರು 44 ಲಕ್ಷ ಡಾಲರ್ ತೆತ್ತಿತು. ಅವರು ಒಳಗೆ ಬಂದದ್ದು ಬಳಕೆಯಲ್ಲಿರಬಾರದಿದ್ದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕೆ ಎರಡನೇ ಹಂತದ ಪರಿಶೀಲನೆ ಇರಲಿಲ್ಲ, ಪಾಸ್‌ವರ್ಡ್ ಒಂದೇ ಸಾಕಾಗಿತ್ತು.

2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನದೇ ಹಿರಿಯ ಅಧಿಕಾರಿಗಳ ಇಮೇಲ್‌ಗಳನ್ನು ಹ್ಯಾಕರ್‌ಗಳು ಓದಿದ್ದಾರೆಂದು ಪ್ರಕಟಿಸಿತು. ದಾರಿ ಮಾಡಿಕೊಟ್ಟದ್ದು ಯಾವುದೋ ಕಾಲದಲ್ಲಿ ಪರೀಕ್ಷೆಗೆಂದು ಮಾಡಿ ಮರೆತ ಒಂದು ಖಾತೆ, ಮತ್ತು ದೊಡ್ಡ ಅಧಿಕಾರ ಉಳಿಸಿಕೊಂಡಿದ್ದ ಒಂದು ಹಳೆಯ ಪರೀಕ್ಷಾ ಆ್ಯಪ್. ಜಗತ್ತಿಗೆ ಡೈರೆಕ್ಟರಿ ಮಾರುವ ಕಂಪನಿಯ ಮನೆಯಲ್ಲೇ ಹೀಗಾದರೆ, ಹತ್ತು ಜನರ ಕಚೇರಿಯ ಪಟ್ಟಿಯಲ್ಲಿ ಹಳೆಯ ಹೆಸರು ಉಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಈ ಮೂರರಲ್ಲೂ ಸಿನಿಮಾದಲ್ಲಿ ತೋರಿಸುವಂತಹ ಜಾದೂ ಹ್ಯಾಕಿಂಗ್‌ಗಿಂತ ಹೆಚ್ಚು ಕೆಲಸ ಮಾಡಿದ್ದು ಮುಚ್ಚಬೇಕಾದ ಬಾಗಿಲನ್ನು ಮುಚ್ಚದೆ ಬಿಟ್ಟಿದ್ದು.

ಹಾಗಾದರೆ ಏನು ಮಾಡಬೇಕು?

ನಿಮ್ಮ ಅಂಗಡಿ, ಶಾಲೆ, ಸಂಘ, ಕಚೇರಿಯ ಖಾತೆಗಳನ್ನು ನೀವೇ ನೋಡಿಕೊಳ್ಳುತ್ತಿದ್ದರೆ, ಒಬ್ಬರು ಬಿಟ್ಟುಹೋದಾಗ ಈ ಕ್ರಮ ಅನುಸರಿಸಿ:

1. ಮೊದಲು ಖಾತೆಯನ್ನು ತಡೆಹಿಡಿಯಿರಿ. ಕೂಡಲೇ ಡಿಲೀಟ್ ಮಾಡಬೇಡಿ. ಅವರ ಹೆಸರಿನಲ್ಲಿರುವ ಕಡತಗಳು ನಿಮಗೇ ಬೇಕಾಗಬಹುದು. ಅಪ್ಪಿತಪ್ಪಿ ಡಿಲೀಟ್ ಮಾಡಿದರೆ ಎಂಟ್ರಾದಲ್ಲಿ 30 ದಿನ, ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ 20 ದಿನದೊಳಗೆ ಮರಳಿ ಪಡೆಯಬಹುದು. ಆಮೇಲೆ ಇಲ್ಲ.

2. ನಡೆಯುತ್ತಿರುವ ಎಲ್ಲ ಸೆಷನ್‌ಗಳನ್ನು ರದ್ದು ಮಾಡಿ.

3. ಅವರ ಹೆಸರು ಯಾವ ಯಾವ ಗುಂಪಿನಲ್ಲಿದೆ ಎಂದು ನೋಡಿ, ಎಲ್ಲದರಿಂದ ತೆಗೆಯಿರಿ. ಅವರ ಸ್ವಂತ ಇಮೇಲ್ ಮತ್ತು ಫೋನ್ ನಂಬರಿನಿಂದಲೂ ಹುಡುಕಿ.

4. ಅವರು ಯಾವುದಾದರೂ ಗುಂಪಿನ ಮಾಲೀಕರಾಗಿದ್ದರೆ ಬೇರೆಯವರನ್ನು ನೇಮಿಸಿ. ಮಾಲೀಕರಿಲ್ಲದ ಗುಂಪನ್ನು ಯಾರೂ ನೋಡಿಕೊಳ್ಳುವುದಿಲ್ಲ.

5. ನಾಲ್ಕಾರು ಜನ ಬಳಸುವ ಹಂಚಿಕೆಯ ಖಾತೆಗಳಿದ್ದರೆ ಅವುಗಳ ಪಾಸ್‌ವರ್ಡ್ ಬದಲಿಸಿ. ಬ್ಯಾಂಕ್, ಸಾಮಾಜಿಕ ಜಾಲತಾಣ, ಸಿಸಿ ಕ್ಯಾಮೆರಾ ಆ್ಯಪ್ ಎಲ್ಲವೂ ಸೇರಿ.

6. ವಾಟ್ಸಾಪ್ ಗುಂಪಿನಿಂದ ತೆಗೆದು, ಆಹ್ವಾನದ ಲಿಂಕ್ ಹೊಸದು ಮಾಡಿ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಮೂರು ತಿಂಗಳಿಗೊಮ್ಮೆ ಪ್ರತಿ ಗುಂಪಿನ ಪಟ್ಟಿಯನ್ನು ತೆರೆದು, ಒಂದೊಂದು ಹೆಸರಿಗೂ “ಇವರು ಇನ್ನೂ ಇಲ್ಲಿ ಇರಬೇಕೇ?” ಎಂದು ಕೇಳಿ. ಯಾರೂ ಹೌದು ಎನ್ನದ ಹೆಸರನ್ನು ತೆಗೆಯಿರಿ. ನಿಜವಾಗಿ ಬೇಕಿದ್ದವರು ಮರುದಿನವೇ ಫೋನ್ ಮಾಡುತ್ತಾರೆ, ಚಿಂತೆ ಬೇಡ.

ಇದು ಒಳ್ಳೆಯ ಅಭ್ಯಾಸವಷ್ಟೇ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಜನರ ಮಾಹಿತಿಯನ್ನು ಇಟ್ಟುಕೊಂಡವರು ಅದನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. ತಪ್ಪಿದರೆ ಅದರಲ್ಲಿ ನಿಗದಿಯಾಗಿರುವ ಗರಿಷ್ಠ ದಂಡ 250 ಕೋಟಿ ರೂಪಾಯಿ.

ನೀವೇ ಬಿಟ್ಟುಬಂದವರಾಗಿದ್ದರೆ?

ಹಳೆಯ ಕಚೇರಿಯ ಫೋಲ್ಡರ್ ಇನ್ನೂ ತೆರೆಯುತ್ತಿದೆ ಎಂದರೆ ಅದನ್ನು ನೋಡುವ ಹಕ್ಕು ನಿಮಗಿದೆ ಎಂದಲ್ಲ. ಬಾಗಿಲು ತೆರೆದಿದ್ದ ಮಾತ್ರಕ್ಕೆ ಪಕ್ಕದ ಮನೆಯೊಳಗೆ ಹೋಗುತ್ತೇವೆಯೇ? ಡೌನ್‌ಲೋಡ್ ಮಾಡಬೇಡಿ, ಸ್ಕ್ರೀನ್‌ಶಾಟ್ ತೆಗೆಯಬೇಡಿ. ಎರಡು ಸಾಲಿನ ಇಮೇಲ್ ಬರೆದು ತಿಳಿಸಿ. ನಾಳೆ ಅಲ್ಲಿಂದ ಏನಾದರೂ ಸೋರಿದರೆ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರುತ್ತದೆ ಎಂಬುದನ್ನು ಮರೆಯಬೇಡಿ.

ನಾನೂ ಹಾಗೆಯೇ ಬರೆದೆ. ಅವರು ಅದೇ ದಿನ ನನ್ನ ಹೆಸರು ತೆಗೆದರು. ಪಟ್ಟಿ ಪರಿಶೀಲಿಸಿದಾಗ ನನ್ನಂತೆ ಹೋಗಿದ್ದ ಇನ್ನೂ 11 ಜನರ ಸ್ವಂತ ಇಮೇಲ್‌ಗಳು ಸಿಕ್ಕವು ಎಂದು ಆಮೇಲೆ ತಿಳಿಸಿದರು. ಅವರಲ್ಲಿ ಎಷ್ಟು ಮಂದಿ ಆ ಫೈಲ್ ತೆರೆದು ನೋಡಿದ್ದರು ಎಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

ಆ ಸಂಜೆ ನಾನು ನನ್ನ ಖಾತೆಯಿಂದ ಹಂಚಿದ್ದ ಫೋಲ್ಡರ್‌ಗಳನ್ನೂ ತೆರೆದು ಕೂತೆ. ಎಂ.ಎ. ಓದುವಾಗ ಮಾಡಿದ್ದ ಸಂದರ್ಶನಗಳ ಧ್ವನಿಮುದ್ರಣಗಳ ಒಂದು ಫೋಲ್ಡರ್‌ನಲ್ಲಿ 23 ಹೆಸರುಗಳಿದ್ದವು. ಆರು ಜನ ಯಾರೆಂದು ನೆನಪೇ ಆಗಲಿಲ್ಲ. ಅವರನ್ನು ಸೇರಿಸಿದ್ದು ನಾನೇ.

ಈ ಲೇಖನವನ್ನು ನಿಮ್ಮ ಗುಂಪಿಗೆ ಕಳಿಸುವ ಮೊದಲು ಒಂದು ಕೆಲಸ ಮಾಡಿ. ಆ ಗುಂಪಿನ ಸದಸ್ಯರ ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ಓದಿ.